ಚಾರ್ಜಿನ ವಯರು

ಹಂಪನಕಟ್ಟೆಯಲ್ಲಿ ಮೆಟ್ಟಿಲ ಕೆಳಗಿನ ಅಂಗಡಿ.
ಫೌಸ್ತಿನ್ ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು
ನನ್ನ ಎಂಪಿತ್ರೀ ಪ್ಲೇಯರಿನ ಹೊಟ್ಟೆ ಬಿಚ್ಚಿದ್ದಾನೆ.
ಉಪ್ಪುಗಾಳಿಗೆ ಹಸಿರುಗಟ್ಟಿದ ಪಿನ್ನನ್ನು
ಸವೆದ ಬ್ರಷ್ಷಿನಿಂದ ಮೂರು ಸಲ ಉಜ್ಜಿದ.

ಕಂಪ್ಯೂಟರು ಮಾತ್ರ
ಸಾಲ ಪಡೆದವರ ಹಾಗೆ
ಗುರುತೇ ಇಲ್ಲ ಎಂದಿತು.

"ಬ್ಯಾಟರಿ ತುಂಬ್ತದಲ್ಲ ಮಾರಾಯ?"
ಅವನು ವಯರನ್ನೇ ಬೆಳಕಿಗೆ ಹಿಡಿದ,
ತುದಿ ಕತ್ತರಿಸಿದ.
"ಒಳಗೆ ಎರಡೇ ಎಳೆ ಉಂಟು.
ಇದು ಊಟ ಬಡಿಸ್ತದೆ, ಅಷ್ಟೆ. ಮಾತಾಡುದಿಲ್ಲ."

ಉಳ್ಳಾಲದ ಅಕ್ಕನಿಗೆ
ಪ್ರತಿ ತಿಂಗಳು ಐದನೇ ತಾರೀಕು
ನಾನು ದುಡ್ಡು ಹಾಕುತ್ತೇನೆ.

ನಾಲ್ಕೆಳೆಯ ವಯರಿಗೆ ಎಂಬತ್ತು ರೂಪಾಯಿ.
ಟಿಣ್ ಎಂದಿತು,
ಫೋಲ್ಡರುಗಳು ಒಂದೊಂದೇ ತೆರೆದವು.
ನಾನು ಪೂರ್ತಿ ನೋಡಲಿಲ್ಲ.

ಸ್ಟೇಟ್ ಬ್ಯಾಂಕಿನಲ್ಲಿ ಉಳ್ಳಾಲದ ಬಸ್ಸು
ಗುಡುಗುಡು ನಿಂತಿತ್ತು.
ಇವತ್ತು ತಾರೀಕು ಹದಿನೇಳು.
ಹತ್ತಿದೆ.