ಬೆಂಕಿಪೊಟ್ಟಣದಷ್ಟು

ಬಲಗಡೆ, ಕೊರಳೆಲುಬಿನ ಕೆಳಗೆ,
ಚರ್ಮದೊಳಗಿಟ್ಟು ಹೊಲಿದಿದ್ದಾರೆ. ಬೆಂಕಿಪೊಟ್ಟಣದಷ್ಟು.
ಅಲ್ಲಿಂದ ಎರಡು ತಂತಿ ಕಿವಿಯ ಹಿಂದೆ ಹತ್ತಿ
ನೆತ್ತಿಯಿಂದ ಒಳಕ್ಕೆ ಇಳಿದಿವೆ.
ಸ್ನಾನದಲ್ಲಿ ಸೋಪು ಅದರ ಅಂಚಿಗೆ ಬಂದು
ಒಮ್ಮೆ ಎಡವಿ ಮುಂದೆ ಹೋಗುತ್ತದೆ.

ನಡುಗುತ್ತಿದ್ದ ಕೈ ನಿಂತಿದೆ.
ಬಸಿಯ ಮೇಲೆ ಕಾಫಿ ಕಪ್ಪು ಕಟಕಟಿಸುವುದಿಲ್ಲ.
ಸೂಜಿಗೆ ನೂಲು, ಮೊದಲ ಸಲಕ್ಕೇ.

ಪರ್ಸಿನಲ್ಲಿ ಸದಾ ಒಂದು ಕಾರ್ಡು.
ಮಂಡಿನೋವೆಂದು ಗೋಣಿಕೊಪ್ಪಕ್ಕೆ ಹೋದಾಗ
ಶೈನಿ ಎಂಬ ಹುಡುಗಿ
ಶಾಖದ ಯಂತ್ರದ ಗುಂಡಿಗೆ ಬೆರಳಿಟ್ಟಾಗಿತ್ತು.
‘ತಡಿ ಮಗಾ’ ಎಂದು ಕಾರ್ಡು ಹಿಡಿದೆ.
ಓದಿದಳು. ನಡುಗಿದ್ದು ಅವಳ ಕೈ.
ಒತ್ತಿದ್ದರೆ ತಂತಿಯ ತುದಿ ಕಾದು
ಮಿದುಳು ಅದರ ಸುತ್ತ ಬೇಯುತ್ತಿತ್ತಂತೆ,
ಮಂಡಿಯ ನೋವು ಮಂಡಿಯಲ್ಲೇ ಇದ್ದು.

ಬಾಳೆಲೆ ದಾರಿಯಲ್ಲಿ ಆನೆಬೇಲಿ ಟಿಕ್ ಟಿಕ್ ಅನ್ನುತ್ತದೆ.
ಅದಕ್ಕೂ ಬ್ಯಾಟರಿ, ನನಗೂ ಬ್ಯಾಟರಿ.
ನಾನು ದಾಟುವಷ್ಟು ಹೊತ್ತು
ಮೊಣ್ಣಪ್ಪ ಅದನ್ನು ಆರಿಸುತ್ತಾನೆ.
ಆನೆಗೂ ಗೊತ್ತಾಗಿರಬೇಕು, ನನ್ನ ಹೊತ್ತು.

ಮದುವೆಯಲ್ಲಿ ವಾಲಗಕ್ಕೆ ಕುಣಿಯಬಹುದು.
ಸ್ಪೀಕರ್ ಪೆಟ್ಟಿಗೆಗೆ ಒರಗಬಾರದು.

ಇವೆಲ್ಲ ಆಸ್ಪತ್ರೆಯ ಪಟ್ಟಿಯಲ್ಲಿ ಇದ್ದವೇ.
ಇಲ್ಲದ್ದು ಕೋವಿ.

ಕೈಲ್‌ಪೊಳ್ದ್‌ನ ದಿನ ಒರೆಸಿ, ಎಣ್ಣೆ ಹಾಕಿ,
ನಳಿಗೆಯ ಬಾಯಿಗೆ ತೋಕ್‌ಪೂ ಸಿಕ್ಕಿಸಿದೆ.
ಏಳು ವರ್ಷ ಮುಟ್ಟಿರಲಿಲ್ಲ.
ಸಂಜೆ ಮೈದಾನದಲ್ಲಿ ಕೋವಿ ಎತ್ತಿದರೆ
ಮರದ ಮೇಲೆ ಕಟ್ಟಿದ ತೆಂಗಿನಕಾಯಿ
ಗುರಿಯ ತುದಿಯಲ್ಲಿ ಕೂತಿದೆ, ಕದಲದೆ,
ಕದಲದೆ!

ಆಗ ಹೊಳೆಯಿತು.
ಕೋವಿಯ ಹಿಡಿ ಒರಗುವ ಕುಳಿ,
ನನ್ನ ಹನ್ನೊಂದನೇ ವಯಸ್ಸಿನಲ್ಲಿ ಅಪ್ಪ
ಹೆಬ್ಬೆರಳೊತ್ತಿ ‘ಇಲ್ಲಿ’ ಎಂದು ತೋರಿಸಿದ ಕುಳಿ,
ಸರಿಯಾಗಿ ಅದರಲ್ಲೇ ಇಟ್ಟಿದ್ದಾರೆ.
ಒಂದು ಒದೆ ಸಾಕು.

ಅವರು ಕೇಳಿರಲಿಲ್ಲ.
ಹೆಂಗಸು, ಐವತ್ತೆಂಟು, ಗೃಹಿಣಿ
ಎಂದು ಬರೆದುಕೊಂಡಿದ್ದರು.
ನಾನೂ ಹೇಳಿರಲಿಲ್ಲ. ನಡುಗುವ ಕೈಗೆ
ಕೋವಿಯ ನೆನಪು ಎಲ್ಲಿಂದ?

ಎಡ ಭುಜಕ್ಕೆ ಬದಲಿಸಿದೆ.
ಅದೂ ಬೇಡವೆನ್ನುತ್ತಾರೇನೋ; ಕೇಳಿಲ್ಲ.
ಗುಂಡು ಎತ್ತಲೋ ಹೋಯಿತು,
ಕಾಯಿ ಹಾಗೇ ಕೂತಿತ್ತು.

‘ಕೈ ನಡುಗಿತಾ, ದೇಚಕ್ಕ?’ ಎಂದ ಮೊಣ್ಣಪ್ಪ, ಮೆಲ್ಲಗೆ.
‘ಇಲ್ಲ,’ ಎಂದೆ. ಎಷ್ಟು ವರ್ಷದ ಮೇಲೆ ಆ ಮಾತು!
‘ಎಡಕ್ಕೆ ಅಭ್ಯಾಸ ಸಾಲದು.
ಇನ್ನೊಂದು ತೋಟಾ ಕೊಡು.’