ಹೆಸರಿಡದ ನಾಲ್ಕನೆಯ ಹಾಡು

ಉಲಾನ್‌ಬಾತರ್. ಸೊನ್ನೆಗಿಂತ ಮೂವತ್ತು ಕೆಳಗೆ.
ಟ್ರಾಲಿಬಸ್ಸು ಡಿಪೋಗೆ ಬಿಟ್ಟು ನಡೆದು ಬರುವಾಗ
ಬೂಟು ರಿಪೇರಿ ಅಂಗಡಿಯ ನೆಲದಡಿಯಿಂದ
ಪಾದಕ್ಕೆ ತಾಗಿತು ಮೊದಲು, ಕಿವಿಗೆ ಆಮೇಲೆ.

ಇಳಿದೆ. ಹನ್ನೊಂದು ಜನ, ಒಂದು ಹೀಟರು,
ಗೋಡೆ ತುಂಬ ಮೊಟ್ಟೆಯ ಖಾಲಿ ಟ್ರೇ.
ಹೆಸರೂ ಕೇಳಿರದ ಬ್ಯಾಂಡು.
ಡ್ರಮ್ಮಿನವನ ತೋಳಿಗಿನ್ನೂ ಕಲ್ಲಿದ್ದಲ ಮಸಿ.
ಬೇಸ್ ಗಿಟಾರು ಹಿಡಿದವಳು, ಅರೆ,
ಸಂತೆಯಲ್ಲಿ ನನಗೆ ಈರುಳ್ಳಿ ತೂಗುವ ಸಾರ್ನೈ!
ಒಂದು ಗ್ರಾಮೂ ಬಿಟ್ಟುಕೊಡದ ಆ ಬೆರಳು
ಇಲ್ಲಿ ಒಂದೇ ಒಂದು ಸ್ವರ ಹಿಡಿದು
ಬಿಡಲೋ ಬೇಡವೋ ಎಂದು
ಎಷ್ಟು ಹೊತ್ತು!

ನಾಲ್ಕನೆಯ ಹಾಡಿಗಿನ್ನೂ ಹೆಸರಿಟ್ಟಿಲ್ಲ ಅಂದಳು.
ಎರಡು ಸಲ ಬಿಕ್ಕಿ, ಉಸಿರು ಬಿಟ್ಟು,
ದಪ್ಪನೆ ಮುಚ್ಚಿಕೊಳ್ಳುವ ತಾಳ.
ಇದನ್ನು ನಾನು ಬಲ್ಲೆ.
ಹದಿನಾರು ವರ್ಷ ಬೈದುಕೊಂಡೇ ಬಂದಿದ್ದೇನೆ:
ನನ್ನ ಬಸ್ಸಿನ ಹಿಂಬಾಗಿಲು.

ಕ್ಯಾಸೆಟ್ಟು ಕೊಂಡೆ. ಹಾಕಿ ಕೇಳಲು
ಮನೆಯಲ್ಲಿ ಯಂತ್ರವಿಲ್ಲ.

ಬೆಳಿಗ್ಗೆ ಮೆಕ್ಯಾನಿಕ್ ಚುಲೂನ್
ಎಣ್ಣೆ ಡಬ್ಬಿ ಹಿಡಿದು ಬಂದ:
'ಆ ಬಾಗಿಲ ಗೋಳು ಇವತ್ತು ಮುಗಿಸಿಬಿಡಲಾ?'

ಬೇಡ, ಅಂದೆ.
ಚಳಿಗಾಲ ಕಳೆಯಲಿ.