ಬರಿ ಬಟ್ಟಲು

ದುರ್ಗಿಗುಡಿಯ ಲ್ಯಾಬು, ಬೆಳಗ್ಗೆ ಏಳೂವರೆ.
ತಟ್ಟೆ ಎತ್ತಿ ಟ್ಯೂಬ್‌ಲೈಟಿಗೆ ಹಿಡಿದೆ.
ಔಷಧಿಯ ಬಿಲ್ಲೆ ಆರು;
ಸುತ್ತ ತಿಳಿಯಾದ ಬಳೆ ಒಂದಕ್ಕೂ ಇಲ್ಲ.
ಅಂಚಿನವರೆಗೂ ಕೆನೆಗಟ್ಟಿ ಕೂತಿವೆ.

ಈ ಗಟ್ಟಿತನ ಇವಕ್ಕೆ
ತಾಯಿಯಿಂದಲೇ ಬರಬೇಕೆಂದಿಲ್ಲ.
ಪಕ್ಕದವಳೊಬ್ಬಳು
ಕಣ್ಣಿಗೆ ಸಿಗದ ಕೊಳವೆ ಚಾಚಿ
ಡಿಎನ್‌ಎಯ ಪುಟ್ಟ ಉಂಗುರ ದಾಟಿಸುತ್ತಾಳೆ.
ಪ್ಲಾಸ್ಮಿಡ್.
ಕುಲ ಕೇಳುವುದಿಲ್ಲ.
ಹೆಪ್ಪು ಕೊಟ್ಟ ಹಾಗೆ:
ಕೊಟ್ಟವಳ ಗಡಿಗೆಯಲ್ಲೂ ಮೊಸರು,
ಇಸಕೊಂಡವಳದರಲ್ಲೂ.

ಆರು ಸಲ ‘ರೆಸಿಸ್ಟೆಂಟ್’ ಬರೆದೆ.
ನಂಬರಿನ ಪಕ್ಕದ ಹೆಸರು ಕೊನೆಗೆ ನೋಡಿದೆ:
ಸೆರಫಿನ್ ಬಾಯಿ, ಅರವತ್ತೊಂದು, ಶರಾವತಿ ನಗರ.

ನಮ್ಮ ಪಕ್ಕದ ಮನೆ.
ಉರಿಮೂತ್ರ ಅಂದಿದ್ದರು, ಗೋಡೆಯಾಚೆಯಿಂದ.
ಹೆಪ್ಪಿನ ಬಟ್ಟಲು ಹಿಂದಿರುಗಿಸುವಾಗ
ನನ್ನ ಜ್ವರ ಬಿಟ್ಟು ಉಳಿದಿದ್ದ
ನಾಲ್ಕು ಗುಳಿಗೆ ಅದರಲ್ಲೇ ಹಾಕಿದ್ದೆ.

ಬರಿ ಬಟ್ಟಲು ಕೊಡಬಾರದಲ್ಲ.